ಬೇಸಿಗೆಯಲ್ಲಿ ಮೂಗಿನ ಆಪರೇಷನ್: ಮನೆಗೆ ಹೋದ ಮೇಲೆ ಏನು ಮಾಡಬೇಕು?

(ಕಲಬುರಗಿಯಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬಿಸಿಲು ಇಳಿಯುವುದನ್ನೇ ಕಾದು ಇಷ್ಟು ಜನ ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋಳಿ ಮುಗಿಯಿತೆಂದರೆ ಕಿವಿ-ಮೂಗು-ಗಂಟಲಿನ ಡಾಕ್ಟರುಗಳ ಹತ್ತಿರ ಎರಡು ಥರದ ಮಾತು ಕೇಳಿಬರುತ್ತದೆ. ಕೆಲವರು, "ಹುಡುಗನ ಪರೀಕ್ಷಿ ಮುಗೀತು, ರಜಾ ಅದ, ಈಗೇ ಮಾಡಿಬಿಡ್ರಿ" ಅನ್ನುತ್ತಾರೆ. ಇನ್ನು ಕೆಲವರು, "ಬ್ಯಾಸಿಗ್ಯಾಗ ಬ್ಯಾಡ್ರಿ ಡಾಕ್ಟ್ರೇ, ಗಾಯ ಮಾಯಂಗಿಲ್ಲ, ಮಳಿಗಾಲ ಬರ್ಲಿ" ಅನ್ನುತ್ತಾರೆ. ಎರಡನೆಯ ಮಾತು ಕೇಳಿಯೇ ಎಷ್ಟೋ ಜನ ಆಪರೇಷನ್ ಮುಂದೂಡುತ್ತಾರೆ. ಉಸಿರಾಡಲು ಆಗದೆ, ರಾತ್ರಿಯಿಡೀ ಬಾಯಿ ತೆರೆದು ಮಲಗುತ್ತಾ, ತಿಂಗಳುಗಟ್ಟಲೆ ಕಷ್ಟಪಡುತ್ತಾರೆ. ಬೇಸಿಗೆ ಅನ್ನುವ ಒಂದೇ ಕಾರಣಕ್ಕೆ ಅಷ್ಟು ಕಷ್ಟ ಬೇಕಿಲ್ಲ. ಆದರೆ ನಮ್ಮ ಕಡೆಯ ಬೇಸಿಗೆಯಲ್ಲಿ ಮೂಗಿನ ಗಾಯಕ್ಕೆ ಬೇಕಾದ ಆರೈಕೆ ಬೇರೆ. ಅದನ್ನು ಯಾರೂ ಕೂತು ಬಿಡಿಸಿ ಹೇಳುವುದಿಲ್ಲ. ಆಸ್ಪತ್ರೆಯಿಂದ ಬಿಡುವಾಗ ಕೈಗೊಂದು ಚೀಟಿ ಕೊಡುತ್ತಾರೆ, ಅಷ್ಟೇ. ಹಾಗಾಗಿ ಇವತ್ತು ಆಪರೇಷನ್ ಬಗ್ಗೆ ಕಡಿಮೆ ಮಾತು, ಮನೆಗೆ ಹೋದ ಮೇಲಿನ ದಿನಗಳ ಬಗ್ಗೆ ಜಾಸ್ತಿ.

ಮೊದಲು ಯಾವ ಆಪರೇಷನ್ ಅನ್ನುವುದು ಗೊತ್ತಿರಲಿ. "ಮೂಗಿನ ಎಲುಬು ಬೆಳೆದಿದೆ" ಅಂತ ನೀವು ಹೇಳುವುದು ಹೆಚ್ಚಾಗಿ ಎರಡು ಹೊಳ್ಳೆಗಳ ನಡುವಿನ ಗೋಡೆ ಡೊಂಕಾಗಿರುವುದನ್ನು. ಅದನ್ನು ನೇರ ಮಾಡುವುದು ಸೆಪ್ಟೊಪ್ಲಾಸ್ಟಿ. ಮೂಗಿನೊಳಗೆ ದುರ್ಮಾಂಸ ಬೆಳೆದಿದ್ದರೆ, ಸೈನಸ್, ಅಂದರೆ ಮೂಗಿನ ಸುತ್ತಲಿನ ಎಲುಬಿನೊಳಗಿನ ಗಾಳಿಗೂಡು, ಕಟ್ಟಿಕೊಂಡಿದ್ದರೆ, ಎಂಡೋಸ್ಕೋಪ್ ಅನ್ನುವ ಒಳಗೆ ನೋಡುವ ಸಣ್ಣ ಕೊಳವೆ ಹಾಕಿ ಮಾಡುವುದು ಸೈನಸ್ ಆಪರೇಷನ್. ಮೂಗಿನ ಆಕಾರ ಬದಲಿಸುವುದು, ಅಪಘಾತದಲ್ಲಿ ಮುರಿದ ಮೂಗನ್ನು ಕಟ್ಟುವುದು ರೈನೋಪ್ಲಾಸ್ಟಿ. ಮೊದಲೆರಡರಲ್ಲಿ ಗಾಯ ಒಳಗಡೆ ಇರುತ್ತದೆ, ಹೊರಗೆ ನೋಡಿದವರಿಗೆ ಏನೂ ಕಾಣುವುದಿಲ್ಲ. ಆಗುವ ಅನಾಹುತಗಳಲ್ಲಿ ಅರ್ಧ ಇದರಿಂದಲೇ. ಮೂರನೇ ದಿನ ನೋವು ಕಡಿಮೆಯಾಗುತ್ತದೆ, ಮುಖ ಚೆನ್ನಾಗಿಯೇ ಕಾಣುತ್ತದೆ. ಮನೆಯವರು ಗ್ಯಾಸ್ ಸಿಲಿಂಡರ್ ಎತ್ತು ಅನ್ನುತ್ತಾರೆ, ಇವರು ಎತ್ತುತ್ತಾರೆ.

ಈಗ ಮೂಗು ಏನು ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ. ಇದು ಅರ್ಥವಾದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ನಾವು ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಶ್ವಾಸಕೋಶಕ್ಕೆ ಒಣ ಗಾಳಿ ಆಗಿಬರುವುದಿಲ್ಲ. ಹೊರಗೆ ಎಷ್ಟೇ ಒಣಗಿದ ಗಾಳಿ ಇರಲಿ, ಶ್ವಾಸಕೋಶದ ಒಳಭಾಗ ಮುಟ್ಟುವ ಹೊತ್ತಿಗೆ ಅದು ಮೈಯಷ್ಟೇ ಬೆಚ್ಚಗಾಗಿ, ತೇವದಿಂದ ತುಂಬಿರಬೇಕು. ಆ ಕೆಲಸದ ದೊಡ್ಡ ಪಾಲು ಮೂಗಿನದು. ಮೂಗಿನ ಪಕ್ಕದ ಗೋಡೆಗಳಲ್ಲಿ ಸುರುಳಿಯಂಥ ಮೆತ್ತನೆಯ ಉಬ್ಬುಗಳಿವೆ, ಟರ್ಬಿನೇಟ್ ಅನ್ನುತ್ತೇವೆ. ನಿಮ್ಮ ಮನೆಯ ಕೂಲರಿನ ಹುಲ್ಲಿನ ಪ್ಯಾಡ್ ನೆನಪಿಸಿಕೊಳ್ಳಿ. ಒಣ ಗಾಳಿ ಒದ್ದೆ ಹುಲ್ಲಿನ ನಡುವೆ ಹಾದು ತೇವ ಹಿಡಿದು ಬರುತ್ತದೆ ಅಲ್ವಾ? ಟರ್ಬಿನೇಟ್ ಮಾಡುವುದು ಅದನ್ನೇ. ಅದರ ಮೇಲೆ ಸಿಂಬಳದ ತೆಳು ಪದರ ಇರುತ್ತದೆ. ಪದರದ ಕೆಳಗೆ ಕಣ್ಣಿಗೆ ಕಾಣದ ಸಣ್ಣ ರೋಮಗಳು. ಅವು ಸೆಕೆಂಡಿಗೆ ಹತ್ತು ಸಲಕ್ಕೂ ಹೆಚ್ಚು ಬಡಿಯುತ್ತಾ ಸಿಂಬಳವನ್ನು, ಅದಕ್ಕೆ ಅಂಟಿದ ಧೂಳನ್ನು ಗಂಟಲ ಕಡೆ ತಳ್ಳುತ್ತಲೇ ಇರುತ್ತವೆ. ಮೂಗು ತನ್ನನ್ನು ತಾನೇ ಗುಡಿಸಿಕೊಳ್ಳುವುದು ಹೀಗೆ.

ಆಪರೇಷನ್ ಆದಾಗ ಈ ಪದರಕ್ಕೆ ಅಲ್ಲಲ್ಲಿ ಗಾಯವಾಗುತ್ತದೆ. ಗಾಯವಾದ ಕಡೆ ರೋಮಗಳು ಮತ್ತೆ ಬೆಳೆದು ಕೆಲಸ ಶುರು ಮಾಡಲು ವಾರಗಳೇ ಬೇಕು, ದೊಡ್ಡ ಸೈನಸ್ ಆಪರೇಷನ್ ಆಗಿದ್ದರೆ ತಿಂಗಳುಗಳು. ಅಲ್ಲಿಯವರೆಗೆ ತೇವ ಹಿಡಿಯುವವರಿಲ್ಲ, ಗುಡಿಸುವವರಿಲ್ಲ. ಮಳೆಗಾಲದಲ್ಲಿ ಹೇಗೋ ನಡೆದುಹೋಗುತ್ತದೆ. ನಮ್ಮ ಏಪ್ರಿಲ್-ಮೇ ಹಾಗಲ್ಲ. ಕಲಬುರಗಿ, ರಾಯಚೂರಿನಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು. ಗಾಳಿಯಲ್ಲಿ ತೇವವೇ ಇರುವುದಿಲ್ಲ. ಆ ಗಾಳಿ ಹಸಿ ಗಾಯದ ಮೇಲೆ ಹಾದರೆ ಸಿಂಬಳವೂ ರಕ್ತವೂ ಸೇರಿ ಒಣಗಿ ಹಕ್ಕಳೆ ಕಟ್ಟುತ್ತದೆ. ಹಕ್ಕಳೆ ಕಟ್ಟಿದರೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದರೆ ಬೆರಳು ಹೋಗುತ್ತದೆ. ಬೆರಳು ಹೋದರೆ ರಕ್ತ. ಬೇಸಿಗೆಯಲ್ಲಿ ಗಾಯ ಮಾಯುವುದಿಲ್ಲ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಗಾಯ ಮಾಯುತ್ತದೆ. ಮೂಗಿನ ಕೆಲಸವನ್ನು ಅಷ್ಟು ದಿನ ನಾವು ಮಾಡಿಕೊಡಬೇಕು. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದೊಂದೇ.

ಹೇಗೆ ಮಾಡಿಕೊಡುವುದು? ಉಪ್ಪುನೀರಿನಿಂದ. ದುಬಾರಿ ಔಷಧಿ ಯಾವುದೂ ಇದರ ಸಮ ಬರುವುದಿಲ್ಲ. ರಕ್ತ ನಿಲ್ಲಲೆಂದು ಮೂಗಿನಲ್ಲಿ ಪ್ಯಾಕ್ ತುಂಬಿಟ್ಟಿದ್ದರೆ ಅದು ತೆಗೆದ ಮೇಲೆ, ಇಲ್ಲದಿದ್ದರೆ ಡಾಕ್ಟರು ಹೇಳಿದ ದಿನದಿಂದ, ಸಲೈನ್ ಸ್ಪ್ರೇ ಹೊಡೆದುಕೊಳ್ಳುತ್ತಿರಬೇಕು. ಸೈನಸ್ ಆಪರೇಷನ್ ಆದವರು ಬಾಟಲಿಯಿಂದ ಮೂಗು ತೊಳೆಯಬೇಕು. ಬಗ್ಗಿ ನಿಂತು, ಬಾಯಿ ತೆರೆದು, ಒಂದು ಹೊಳ್ಳೆಯಿಂದ ನೀರು ಬಿಟ್ಟರೆ ಇನ್ನೊಂದರಿಂದ ಹೊರಗೆ ಬರುತ್ತದೆ. ಮೊದಲ ದಿನ ಹೆದರಿಕೆಯಾಗುತ್ತದೆ, ಮೂರನೇ ದಿನ ಹಾಯ್ ಅನ್ನಿಸುತ್ತದೆ. ಕಡ್ಡಿ ಹಾಕಿ ಹಕ್ಕಳೆ ಕೀಳಬೇಡಿ. ಅದು ನೆನೆದು ತಾನಾಗಿ ಬರಲಿ.

ಮೆಡಿಕಲ್ ಶಾಪಿನಲ್ಲಿ ಇದಕ್ಕೆಂದೇ ಪುಡಿಯ ಪೊಟ್ಟಣ ಸಿಗುತ್ತವೆ, ಅದೇ ಒಳ್ಳೆಯದು. ಸಿಗದಿದ್ದರೆ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಮಟ್ಟಸವಾಗಿ ಒಂದೂವರೆ ಟೀ ಚಮಚ. ನಮ್ಮ ರಕ್ತದ ಉಪ್ಪಿನ ಪ್ರಮಾಣಕ್ಕೆ ಅದು ಹತ್ತಿರ, ಹಾಗಾಗಿ ಉರಿಯುವುದಿಲ್ಲ. ಬರೀ ನೀರು ಬಿಟ್ಟರೆ ಚುರ್ ಅಂತ ಉರಿಯುತ್ತದೆ. ಬೇಸಿಗೆಯಲ್ಲಿ ಆಯಾ ದಿನದ್ದು ಆಯಾ ದಿನವೇ ಮಾಡಿ, ಉಳಿದದ್ದನ್ನು ಚೆಲ್ಲಿಬಿಡಿ.

ಈಗ ನೀರಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದು ಜೀವದ ಪ್ರಶ್ನೆ. ಮೂಗಿಗೆ ಬಿಡುವ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ನಲ್ಲಿಯ ನೀರು ಬೇಡ, ಬೋರ್‌ವೆಲ್ ನೀರು ಬೇಡ, ಮಾಳಿಗೆಯ ಮೇಲಿನ ಟ್ಯಾಂಕಿನ ನೀರಂತೂ ಬೇಡವೇ ಬೇಡ. "ನಮ್ಮಲ್ಲಿ ಫಿಲ್ಟರ್ ನೀರು ಅದ" ಅನ್ನುತ್ತೀರಿ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುತ್ತೀರಿ. ಕುಡಿಯಲು ಅದು ಸರಿ. ಮೂಗಿಗೆ ಬಿಡುವುದಾದರೆ ಅದನ್ನೂ ಕುದಿಸಬೇಕು. ಕೊತಕೊತ ಕುದಿಯಲು ಶುರುವಾದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ, ಮುಚ್ಚಿ ಆರಿಸಿ.

ಕಾರಣ ಹೇಳುತ್ತೇನೆ. ಬೆಚ್ಚನೆಯ ಸಿಹಿನೀರಿನಲ್ಲಿ ನೇಗ್ಲೇರಿಯಾ ಫೌಲೆರಿ ಅನ್ನುವ ಒಂದು ಅಮೀಬಾ ಬೆಳೆಯುತ್ತದೆ. ಕುಡಿದರೆ ಅದು ಏನೂ ಮಾಡುವುದಿಲ್ಲ. ಮೂಗಿನ ಮೇಲ್ಭಾಗಕ್ಕೆ ಹೋದರೆ ವಾಸನೆಯ ನರದ ದಾರಿ ಹಿಡಿದು ಮಿದುಳು ಸೇರುತ್ತದೆ. ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಮಿದುಳು ಜ್ವರ ಬಂದ ಸುದ್ದಿಯನ್ನು ನೀವೂ ಓದಿದ್ದೀರಿ. ಕಾಯಿಲೆ ತೀರಾ ಅಪರೂಪ, ನಿಜ. ಆದರೆ ಬಂದರೆ ಉಳಿಯುವವರು ಕಡಿಮೆ. ನೀರು ಬೆಚ್ಚಗಾದಷ್ಟೂ ಅದಕ್ಕೆ ಅನುಕೂಲ, ಅಂದರೆ ಬೇಸಿಗೆ. ಒಂದು ನಿಮಿಷದ ಕುದಿತದಿಂದ ಅದು ಸಾಯುತ್ತದೆ. ಇಷ್ಟು ಸುಲಭದ ಕೆಲಸವನ್ನು ಬಿಡಬಾರದು. ಇದೇ ಕಾರಣಕ್ಕೆ ಬಾವಿ, ಕಾಲುವೆ, ಕೆರೆಯ ಈಜು ಕೂಡ ಬೇಡ. ರಜೆಯಲ್ಲಿ ಹುಡುಗರನ್ನು ಬಾವಿಯಿಂದ ದೂರ ಇಡುವುದು ಕಷ್ಟ, ಗೊತ್ತು. ಆದರೂ ಆಪರೇಷನ್ ಆದ ಹುಡುಗ ಕನಿಷ್ಠ ಆರು ವಾರ ದಂಡೆಯ ಮೇಲೇ ಇರಬೇಕು. ಮೇಲಿನಿಂದ ಜಿಗಿದಾಗ ನೀರು ಮೂಗಿಗೆ ನುಗ್ಗುವ ರಭಸಕ್ಕೇ ಗಾಯ ಬಿಚ್ಚಿಕೊಳ್ಳುತ್ತದೆ.

ಕೂಲರ್, ಎಸಿ ಬಗ್ಗೆ ಎಲ್ಲರೂ ಕೇಳುತ್ತೀರಿ. ನನ್ನ ಮಾತು ಕೇಳಿದರೆ ನಮ್ಮ ಒಣ ಹವೆಗೆ ಕೂಲರೇ ವಾಸಿ. ಅದು ಕೋಣೆಗೆ ತೇವ ತರುತ್ತದೆ, ಎಸಿ ಇರುವ ತೇವವನ್ನೂ ತೆಗೆಯುತ್ತದೆ. ಆದರೆ ಕೂಲರ್ ಶುದ್ಧವಾಗಿರಬೇಕು. ಹೋದ ವರ್ಷದ ಹುಲ್ಲಿನಲ್ಲಿ ಧೂಳು, ಬೂಷ್ಟು ಎಲ್ಲ ಇರುತ್ತದೆ. ಆಪರೇಷನ್‌ಗೆ ಮುಂಚೆಯೇ ಪ್ಯಾಡ್ ಬದಲಾಯಿಸಿ, ಟ್ಯಾಂಕ್ ತಿಕ್ಕಿ ತೊಳೆಯಿರಿ, ಎರಡು ಮೂರು ದಿನಕ್ಕೊಮ್ಮೆ ನೀರು ಖಾಲಿ ಮಾಡಿ ಹೊಸದು ತುಂಬಿ. ಎಸಿ ಇದ್ದವರು 26 ಡಿಗ್ರಿಗೆ ಇಟ್ಟು, ಸಲೈನ್ ಸ್ಪ್ರೇಯನ್ನು ಇನ್ನಷ್ಟು ಸಲ ಹೊಡೆದುಕೊಳ್ಳಿ. ಯಾವುದೇ ಇರಲಿ, ಫ್ಯಾನ್ ಇರಲಿ, ಗಾಳಿ ನೇರವಾಗಿ ಮುಖಕ್ಕೆ ಬಡಿಯಬಾರದು. ಮೂಗು ಕಟ್ಟಿದವರು ಬಾಯಿಯಿಂದ ಉಸಿರಾಡುತ್ತಿರುತ್ತಾರೆ. ರಾತ್ರಿಯಿಡೀ ಫ್ಯಾನಿನ ಗಾಳಿ ಬಾಯಿಗೆ ಹೊಡೆದರೆ ಬೆಳಿಗ್ಗೆ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ. ಹಾಸಿಗೆಯ ಪಕ್ಕ ನೀರಿನ ತಂಬಿಗೆ ಇಟ್ಟುಕೊಳ್ಳಿ. ತುಟಿಗೆ ವ್ಯಾಸಲೀನ್ ಹಚ್ಚಿ. ಎರಡು ಮೂರು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿ, ಬಾವು ಬೇಗ ಇಳಿಯುತ್ತದೆ.

ಕರಾವಳಿಯವರ ಕಥೆ ಬೇರೆ. ನನ್ನ ಜೊತೆ ಓದಿದ ಡಾಕ್ಟರೊಬ್ಬರು ಮಂಗಳೂರಿನಲ್ಲಿದ್ದಾರೆ. ಅವರಿಗೆ ಹಕ್ಕಳೆಯ ಚಿಂತೆ ಕಡಿಮೆ, ಬೆವರಿನ ಚಿಂತೆ ಜಾಸ್ತಿ. ಮೂಗಿನ ಮೇಲೆ ಹಚ್ಚಿದ ಟೇಪು, ಪಟ್ಟಿ ಬೆವರಿಗೆ ಬಿಟ್ಟುಕೊಳ್ಳುತ್ತವೆ. ಅಲ್ಲಿಯವರಿಗೆ ಎಸಿಯೇ ಒಳ್ಳೆಯದು. ನಿಮ್ಮ ಮಕ್ಕಳು ಅಲ್ಲೆಲ್ಲಾದರೂ ಓದುತ್ತಿದ್ದರೆ ನಾನು ಕೂಲರ್ ಬಗ್ಗೆ ಹೇಳಿದ್ದನ್ನು ಅವರಿಗೆ ಹೇಳಬೇಡಿ.

ಮೂಗಿನ ಗಾಯವನ್ನು ಒಣಗಲು ಬಿಡಬಾರದು ಅನ್ನುವುದು ಹೊಸ ಮಾತೇನಲ್ಲ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಅನ್ನುವ ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಾಸ್ಜಿ ಎಂಬ ಮರಾಠಾ ರೈತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ ಎಂದು ಆ ಪತ್ರ ಹೇಳುತ್ತದೆ. ವರ್ಷದ ನಂತರ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಅವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ. ಇದನ್ನು ಓದಿಯೇ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಅನ್ನುವ ಸರ್ಜನ್ 1814ರಲ್ಲಿ ಅದೇ ರೀತಿ ಮಾಡಿ ನೋಡಿದ. ಆಪರೇಷನ್ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾಗುವುದು ಆ ಪತ್ರದಲ್ಲಿರುವ ಆರೈಕೆಯ ವಿವರ. ಮೊದಲ ನಾಲ್ಕು ದಿನ, ಎಲೆ-ಅಡಿಕೆಗೆ ಹಾಕುತ್ತೇವಲ್ಲ, ಆ ಕಾಚಿನ ಪಟ್ಟಿ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ರೋಗಿ ಅಂಗಾತ ಮಲಗಬೇಕು. ಹತ್ತನೇ ದಿನ ಹೊಳ್ಳೆಗಳು ಮುಚ್ಚಿಕೊಳ್ಳದಂತೆ ಮೆತ್ತನೆ ಬಟ್ಟೆಯ ತುಂಡು ಇಡಬೇಕು. ತೇವ ಇರಲಿ, ದಾರಿ ತೆರೆದಿರಲಿ, ವಿಶ್ರಾಂತಿ ಇರಲಿ. ನಾವು ಇವತ್ತು ಸಲೈನ್, ಸಿಲಿಕೋನ್ ಸ್ಪ್ಲಿಂಟ್ (ಮೂಗಿನೊಳಗೆ ಆಸರೆಗೆ ಇಡುವ ಮೆತ್ತನೆಯ ಪಟ್ಟಿ), ದಿಂಬು ಅಂತ ಮಾಡುತ್ತಿರುವುದೂ ಇದನ್ನೇ.

ಇದನ್ನು ಕೇಳಿ ಮನೆಗೆ ಹೋಗಿ ಮೂಗಿಗೆ ತುಪ್ಪ ಬಿಟ್ಟುಕೊಳ್ಳಬೇಡಿ. ಅವರು ಬಟ್ಟೆಗೆ ಅದ್ದಿ ಹೊರಗಿನ ಗಾಯದ ಮೇಲೆ ಇಟ್ಟರು. ಒಳಗೆ ಬಿಟ್ಟ ತುಪ್ಪ, ಎಣ್ಣೆ ಜಾರಿ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ಬೇರೆ ಥರದ ನ್ಯುಮೋನಿಯಾ ಆಗುತ್ತದೆ. ಹೊಳ್ಳೆಯ ಬಾಯಿಗೆ ಡಾಕ್ಟರು ಬರೆದ ಮುಲಾಮು ಮಾತ್ರ. ಹಬೆ ತೆಗೆದುಕೊಳ್ಳುವುದೂ ಶುರುವಿನಲ್ಲಿ ಬೇಡ, ಬಿಸಿಗೆ ರಕ್ತನಾಳ ಹಿಗ್ಗಿ ರಕ್ತ ಬರುತ್ತದೆ. ಅದೇ ಕಾರಣಕ್ಕೆ ತಲೆಗೆ ಸುಡುನೀರಿನ ಸ್ನಾನವೂ ಒಂದೆರಡು ವಾರ ಬೇಡ.

ರಕ್ತದ ವಿಷಯಕ್ಕೆ ಬಂದೆ. ಮೊದಲ ದಿನ ಎರಡು ದಿನ ನೀರು ಬೆರೆತಂತೆ ತೆಳು ಕೆಂಪು ಸೋರುವುದು ಸಹಜ. ಇನ್ನೊಮ್ಮೆ ಎಚ್ಚರ ಬೇಕಾದದ್ದು ಐದರಿಂದ ಹತ್ತನೇ ದಿನದವರೆಗೆ, ಹಕ್ಕಳೆ ಬಿಡುವ ಹೊತ್ತಿನಲ್ಲಿ. ಅಷ್ಟರಲ್ಲಿ ಎಲ್ಲ ಸರಿಹೋಯಿತು ಅಂತ ಜನ ಹೊರಗೆ ಓಡಾಡಲು ಶುರು ಮಾಡಿರುತ್ತಾರೆ. ರಕ್ತ ಬಂದರೆ ಕೂತುಕೊಳ್ಳಿ, ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಲ್ಲಿ ಹತ್ತು ಹದಿನೈದು ನಿಮಿಷ ಬಿಡದೆ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಬಾಯಿಗೆ ಬಂದ ರಕ್ತ ಉಗಿಯಿರಿ. ತಲೆ ಹಿಂದಕ್ಕೆ ವಾಲಿಸಿದರೆ ರಕ್ತ ನಿಂತಂತೆ ಕಾಣುತ್ತದೆ, ನಿಂತಿರುವುದಿಲ್ಲ, ಹೊಟ್ಟೆಗೆ ಹೋಗುತ್ತಿರುತ್ತದೆ. ಮೂಗಿನ ಆಕಾರ ಬದಲಿಸಿದ ಆಪರೇಷನ್ ಆಗಿದ್ದರೆ ಮಾತ್ರ ಮೂಗು ಒತ್ತಬೇಡಿ, ತಲೆ ಮುಂದಕ್ಕೆ ಬಾಗಿಸಿಕೊಂಡೇ ಡಾಕ್ಟರಿಗೆ ಫೋನ್ ಮಾಡಿ.

ಎರಡು ವಾರ ಮೂಗು ಸೀಟಬೇಡಿ. ಸೀನು ಬಂದರೆ ತಡೆಯಬೇಡಿ, ಬಾಯಿ ಅಗಲ ತೆರೆದು ಸೀನಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್, ಆಸ್ಪಿರಿನ್ ಸೇರಿದ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ. ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು ತಾವೇ ಬಿಡುವುದೂ ತಪ್ಪು. ಆಪರೇಷನ್‌ಗೆ ಮುಂಚೆ ಇಬ್ಬರೂ ಡಾಕ್ಟರುಗಳನ್ನು ಕೇಳಿ.

ಊಟದಲ್ಲಿ ಅಂಥ ಪಥ್ಯ ಏನಿಲ್ಲ. ಮೊದಲ ಕೆಲವು ದಿನ ಸುಡುಸುಡು, ಖಾರ ಬೇಡ. ಮಜ್ಜಿಗೆ, ಜೋಳದ ಅಂಬಲಿ, ಎಳನೀರು, ಮೆತ್ತಗಿನ ಅನ್ನ, ನುಚ್ಚು. ಮಾವಿನಹಣ್ಣು ಹೀಟು ಅಂತ ಬಿಡಬೇಕಿಲ್ಲ, ತೊಳೆದು ತಿನ್ನಿ. ಒಂದು ವಿಷಯ ಮಾತ್ರ ಯಾರೂ ಗಮನ ಕೊಡುವುದಿಲ್ಲ. ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಮಲಬದ್ಧತೆ ಆಗುತ್ತದೆ. ಸಂಡಾಸಿನಲ್ಲಿ ತಿಣುಕಿದರೆ ತಲೆಯ ರಕ್ತದ ಒತ್ತಡ ಏರಿ ಮೂಗಿನಲ್ಲಿ ರಕ್ತ ಚಿಮ್ಮುತ್ತದೆ. ಹಾಗಾಗಿ ನೀರು, ಹಣ್ಣು, ಸೊಪ್ಪು ಕೂಡ ಮೂಗಿನ ಆರೈಕೆಯೇ.

ಇನ್ನೊಂದು, ವಾಸನೆ. ಬಾವು, ಹಕ್ಕಳೆ ಇರುವಷ್ಟು ದಿನ ಎಷ್ಟೋ ಜನರಿಗೆ ವಾಸನೆ ಗೊತ್ತಾಗುವುದಿಲ್ಲ. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಮರಳಿ ಬರುತ್ತದೆ, ಗಾಬರಿ ಬೇಡ. ಆದರೆ ಆ ದಿನಗಳಲ್ಲಿ ಬೆಳಿಗ್ಗೆ ಮಾಡಿದ ಸಾರು ಸಂಜೆಗೆ ಹಳಸಿದ್ದು ಮೂಗಿಗೆ ತಿಳಿಯುವುದಿಲ್ಲ. ಗ್ಯಾಸ್ ಸೋರಿದರೂ ತಿಳಿಯುವುದಿಲ್ಲ. ಸಿಲಿಂಡರಿನ ಗ್ಯಾಸಿಗೆ ಆ ಕೆಟ್ಟ ವಾಸನೆ ಸೇರಿಸಿರುವುದೇ ಸೋರಿದ್ದು ನಮಗೆ ಗೊತ್ತಾಗಲಿ ಅಂತ. ಮನೆಯಲ್ಲಿ ಅಡುಗೆ ಮಾಡುವವರಿಗೇ ಆಪರೇಷನ್ ಆಗಿದ್ದರೆ ಒಲೆಯ ಹತ್ತಿರ ಇನ್ನೊಬ್ಬರು ಇರಲಿ. ಒಂಟಿಯಾಗಿ ಇರುವವರು ರೆಗ್ಯುಲೇಟರ್ ಆಫ್ ಮಾಡಿದ್ದನ್ನು ರಾತ್ರಿ ಮಲಗುವ ಮುಂಚೆ ಕಣ್ಣಿಂದ ನೋಡಿ.

ಮೂಗಿನ ಆಕಾರದ ಆಪರೇಷನ್ ಆದವರಿಗೆ ಬಿಸಿಲೇ ದೊಡ್ಡ ಶತ್ರು. ಬಾವು ಹೆಚ್ಚಾಗುತ್ತದೆ, ಕಲೆ ಕಪ್ಪಾಗಿ ಉಳಿಯುತ್ತದೆ. ತುದಿಯಲ್ಲಿ ಸ್ವಲ್ಪ ದಿನ ಸ್ಪರ್ಶವೇ ಇರುವುದಿಲ್ಲ, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಅಗಲ ಅಂಚಿನ ಟೋಪಿ ಹಾಕಿ, ಟೇಪು ತೆಗೆದ ಮೇಲೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ. ಕೂಲಿಂಗ್ ಗ್ಲಾಸ್ ಆರು ವಾರ ಮೂಗಿನ ಮೇಲೆ ಕೂರಬಾರದು, ಎಲುಬು ಕೂಡುವ ಮುಂಚೆ ಭಾರ ಬಿದ್ದರೆ ತಗ್ಗಾಗುತ್ತದೆ.

ಜಾತ್ರೆಯ ಕಾಲವೂ ಇದೇ. ಹೋಳಿ ಮುಗಿದು ಐದನೇ ದಿನಕ್ಕೆ ನಮ್ಮ ಶರಣಬಸವೇಶ್ವರರ ತೇರು. ಉತ್ತತ್ತಿ, ಬಾಳೆಹಣ್ಣು ತೂರಿ ಬರುತ್ತವೆ, ಮೊಣಕೈ ತಾಗುತ್ತದೆ, ಧೂಳು ಏಳುತ್ತದೆ. ಈ ಸಲ ಮನೆಯಿಂದಲೇ ಕೈಮುಗಿಯಿರಿ.

ನನ್ನನ್ನು ಕಾಡುವುದು ವಿಶ್ರಾಂತಿಯ ಪ್ರಶ್ನೆ. ನಮ್ಮ ಭಾಗದಲ್ಲಿ ಏಪ್ರಿಲ್-ಮೇನಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ನೌಕರರಿಗೆ ಬಿಸಿಲು ತಾಗಬಾರದು ಅಂತ ಆ ವ್ಯವಸ್ಥೆ, ಒಳ್ಳೆಯದೇ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಎತ್ತುವವರು, ಕಟ್ಟಡದ ಮೇಲೆ ಸಿಮೆಂಟ್ ಹೊರುವವರು ಏನು ಮಾಡಬೇಕು? ಮೂಗಿನ ಆಪರೇಷನ್ ಆದವರು ಎರಡು ಮೂರು ವಾರ ಭಾರ ಎತ್ತಬಾರದು, ಬಗ್ಗಿ ದುಡಿಯಬಾರದು, ಧೂಳಿನಲ್ಲಿ ನಿಲ್ಲಬಾರದು. ದಿನಗೂಲಿಯವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ದಯವಿಟ್ಟು ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಮೊದಲೇ ಹೇಳಿ. ತುರ್ತಿಲ್ಲದಿದ್ದರೆ ಕೂಲಿ ಕಡಿಮೆ ಇರುವ ದಿನ ನೋಡಿ ಇಟ್ಟುಕೊಳ್ಳಬಹುದು. ಡಾಕ್ಟರುಗಳೂ ಕೇಳಬೇಕು. ಕೇಳದೆ "ರೆಸ್ಟ್ ಮಾಡಿ" ಅಂತ ಬರೆದುಕೊಟ್ಟರೆ ಅದು ಸುಮ್ನೆ ಕಾಗದ.

ತಕ್ಷಣ ಆಸ್ಪತ್ರೆಗೆ ಬರಬೇಕಾದದ್ದು ಯಾವಾಗ? ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ. ಜ್ವರ 101 ದಾಟಿದರೆ, "ಬಿಸಿಲಿಗೆ ಮೈ ಕಾದಿದೆ" ಅಂತ ಬಿಡಬೇಡಿ. ಕಣ್ಣಿನ ಸುತ್ತ ಊದಿದರೆ, ದೃಷ್ಟಿ ಮಂಜಾದರೆ, ಕತ್ತು ಬಿಗಿದು ತಲೆ ಸಿಡಿದರೆ. ಬಗ್ಗಿದಾಗ ಒಂದೇ ಹೊಳ್ಳೆಯಿಂದ ನೀರಿನಂಥದ್ದು ತೊಟ್ಟಿಕ್ಕುತ್ತಿದ್ದರೆ, ಅದು ಮಿದುಳಿನ ಸುತ್ತಲಿನ ದ್ರವವಾಗಿರಬಹುದು. ಎರಡೂ ಹೊಳ್ಳೆ ಒಮ್ಮೆಲೇ ಕಟ್ಟಿ ನೋವು ಏರುತ್ತಿದ್ದರೆ, ನಡುಗೋಡೆಯಲ್ಲಿ ರಕ್ತ ನಿಂತಿರಬಹುದು. ಅದನ್ನು ಬೇಗ ತೆಗೆಯದಿದ್ದರೆ ಮೆಲ್ಲೆಲುಬು ಸತ್ತು ಮೂಗು ಕುಸಿಯುತ್ತದೆ. ಇವು ಯಾವುವೂ ನಾಳೆಯವರೆಗೆ ಕಾಯುವುದಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲಿ ಸೇರಿಸಿದ್ದೇನೆ.

ಒಬ್ಬ ತಾಯಿ, ರಕ್ತ ಬಂದಾಗ ಉಳ್ಳಾಗಡ್ಡಿ ಜಜ್ಜಿ ಮೂಸಿಸಬಹುದಾ ಅಂತ ಕೇಳಿದರು. ಬೇಡಮ್ಮ. ಅದರ ಘಾಟಿಗೆ ಸೀನು ಬರುತ್ತದೆ, ಸೀನಿದರೆ ಇನ್ನಷ್ಟು ರಕ್ತ. ಹಣೆಗೆ ತಣ್ಣೀರ ಬಟ್ಟೆ ಇಡಿ, ಮೂಗು ಒತ್ತಿ ಹಿಡಿಯಿರಿ.

ಹಿರಿಯರೊಬ್ಬರು, "ನಶ್ಯ ಬಿಟ್ರ ತಲಿ ಓಡಂಗಿಲ್ರಿ" ಅಂದರು. ಅಜ್ಜಾರ, ನಶ್ಯದ ಪುಡಿ ನೇರವಾಗಿ ಹಸಿ ಗಾಯದ ಮೇಲೆ ಬೀಳುತ್ತದೆ. ಬೀಡಿ, ಸಿಗರೇಟಿನ ಹೊಗೆ ಆ ರೋಮಗಳನ್ನು ಬೆಳೆಯಲು ಬಿಡುವುದಿಲ್ಲ. ಆಪರೇಷನ್ ಖರ್ಚು ಹಾಕಿ, ನೋವು ತಿಂದು, ಮತ್ತೆ ಅದೇ ಜಾಗಕ್ಕೆ ತಂಬಾಕು ತುಂಬುವುದು ಬೇಡ. ಬಿಡಲು ಕಷ್ಟವಾದರೆ ಹೇಳಿ, ಅದಕ್ಕೂ ಔಷಧಿ ಇದೆ.

ಒಬ್ಬ ಹುಡುಗ ಹೆಲ್ಮೆಟ್ ಬಗ್ಗೆ ಕೇಳಿದ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕುವಾಗ, ತೆಗೆಯುವಾಗ ಮೂಗಿಗೆ ತಾಗುತ್ತದೆ. ಅದಕ್ಕೇ ಹೆಲ್ಮೆಟ್ ಬಿಟ್ಟು ಓಡಿಸಬೇಡ, ಗಾಡಿಯನ್ನೇ ಬಿಡು. ಡಾಕ್ಟರು ಹೂಂ ಅನ್ನುವವರೆಗೆ ಬಸ್ಸು, ಆಟೋ.

ಕೊನೆಗೆ ಒಬ್ಬ ಹೆಣ್ಣುಮಗಳು, ಮೇ ತಿಂಗಳಲ್ಲಿ ತಂಗಿಯ ಮದುವೆ ಇದೆ, ಏಪ್ರಿಲ್ ಮೊದಲ ವಾರ ನಡುಗೋಡೆಯ ಆಪರೇಷನ್ ಮಾಡಿಸಿಕೊಂಡರೆ ಮದುವೆಗೆ ಮೂಗುತಿ ಹಾಕಬಹುದಾ ಅಂತ ಕೇಳಿದರು. ಮದುವೆಗೆ ಹೋಗಬಹುದು, ಓಡಾಟದ ಕೆಲಸ ಬೇರೆಯವರಿಗೆ ಬಿಡಿ, ಹೋಮದ ಹೊಗೆಯಿಂದ ದೂರ ಕೂತುಕೊಳ್ಳಿ. ಮೂಗುತಿಯನ್ನು ಆಪರೇಷನ್‌ಗೆ ಮುಂಚೆ ತೆಗೆಯಲೇಬೇಕು. ಸ್ಪ್ಲಿಂಟ್ ತೆಗೆದು, ಬಾವು ಇಳಿದ ಮೇಲೆ ಡಾಕ್ಟರನ್ನು ಕೇಳಿ ಸಣ್ಣ ಹರಳಿನದು ಹಾಕಿಕೊಳ್ಳಿ. ಭಾರದ ನತ್ತು ಈ ಮದುವೆಗೆ ಬೇಡ. ಅಷ್ಟರಲ್ಲಿ ತೂತು ಮುಚ್ಚಿದ್ದರೆ ನೀವೇ ಒತ್ತಿ ತೂರಿಸಲು ಹೋಗಬೇಡಿ, ಮೂಗು ಪೂರ್ತಿ ಮಾಯ್ದ ಮೇಲೆ ಮತ್ತೆ ಚುಚ್ಚಿಸಬಹುದು.